ಲತಾಶ್ರೀ ಆಂಟಿಗೆ ಟ್ಯಾಕ್ಸ್ ಕಟ್ಟುವ ಆಸೆ

ಅಮೆರಿಕದ ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊರಗೆ ನೀರು ಹೆಪ್ಪುಗಟ್ಟಿಸುವ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಅರವತ್ತಾರರ ಲತಾಶ್ರೀ ಆಂಟಿ ಕಣಕದ ಉಂಡೆಗೆ ಹೂರಣ ತುಂಬಿ ತಟ್ಟುತ್ತಿದ್ದಾರೆ. ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಇವತ್ತು ಗೃಹಪ್ರವೇಶ. ಊಟದ ಹೊತ್ತಿಗೆ ಇನ್ನೂರು ಹೋಳಿಗೆ ತಲುಪಬೇಕು.

"ಸುಮ್ನೆ ನಿಂತ್ಕೊಂಡು ಏನ್ ನೋಡ್ತೀರಿ, ನೀವೂ ಒಂದು ತಟ್ಟಿ" ಎನ್ನುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ತಟ್ಟಿದ್ದು ಹರಿದುಹೋಗುತ್ತದೆ. "ಅಯ್ಯೋ, ಬಿಡಿ ಬಿಡಿ, ನೀವು ಬರ್ಕೊಳ್ಳಿ."

ಮೈಸೂರಿನಿಂದ ಗಂಡ ನಾಗರಾಜರ ಜೊತೆ ಮಗಳ ಮನೆಗೆ ಬಂದ ಆಂಟಿ ಹತ್ತು ವರ್ಷಗಳಿಂದ ಹೋಳಿಗೆ ಮಾಡುತ್ತಿದ್ದಾರೆ. ಗ್ರೀನ್ ಕಾರ್ಡ್ ಇದೆ, ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ನಮ್ಮವರ ಮನೆಗಳಲ್ಲಿ ಹಿರಿಯರ ಕೈಗೆ ಕೂಲಿ ಇಡುವುದೇ? ಛೆ! ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆಯ ಕೆಳಗೆ ನಗದಿನ ಕವರ್ ಇಟ್ಟು, ಕಾಲಿಗೆರಗಿ ಕಳಿಸುತ್ತಾರೆ. ಮರ್ಯಾದೆಗೆ ಏನೂ ಕೊರತೆಯಿಲ್ಲ.

ಕೊರತೆ ಗೊತ್ತಾದದ್ದು ಹೋದ ವರ್ಷ, ಮಗಳು ಮಂಜರಿಯ ಜೊತೆ ಪೆನ್ಷನ್ ಕೇಳಲು ಸರ್ಕಾರಿ ಕಚೇರಿಗೆ ಹೋದಾಗ. ಸರ್ಕಾರದ ಪ್ರಕಾರ ಆಂಟಿ ಈ ದೇಶದಲ್ಲಿ ಒಂದು ದಿನವೂ ದುಡಿದಿಲ್ಲ!

"ಹಾಗಾದ್ರೆ ಇಷ್ಟು ವರ್ಷ ಒಲೆ ಮುಂದೆ ನಿಂತಿದ್ದೋಳು ಯಾರು?" ಆಂಟಿ ನನ್ನನ್ನೇ ಕೇಳುತ್ತಾರೆ. ಆಬರ್ನ್ ಹಿಲ್ಸಿನಲ್ಲಿ ಎಂಜಿನಿಯರ್ ಆಗಿರುವ ಮಂಜರಿಗೂ ಇದು ಹೊಳೆದಿರಲಿಲ್ಲ. "ನಾನು ಅದನ್ನ ಗಿಫ್ಟ್ ಅಂದ್ಕೊಂಡಿದ್ದೆ" ಎಂದು ಆಕೆ ಮುಖ ಸಪ್ಪಗೆ ಮಾಡುತ್ತಾರೆ.

ಬಿಡಿಸಿ ಹೇಳಿದವರು ತೆರಿಗೆ ಲೆಕ್ಕ ನೋಡುವ ಹುಬ್ಬಳ್ಳಿಯ ಕಲ್ಮೇಶ್. "ಆಂಟಿ, ರೊಕ್ಕ ಕೈಯಾಗ ಇಸ್ಕೊಂಡಿದ್ದು ತಪ್ಪಲ್ರೀ. ಸರ್ಕಾರಕ್ಕ ತೋರಿಸಿ ಟ್ಯಾಕ್ಸ್ ಕಟ್ಟಲಿಲ್ಲ ನೋಡ್ರಿ, ಅದು ತಪ್ಪು. ಹತ್ತು ವರ್ಷದ ದುಡಿಮಿ ಲೆಕ್ಕಕ್ಕ ಬಂದ್ರ ಪೆನ್ಷನ್." ಹಳೆಯ ವರ್ಷಗಳನ್ನು ಈಗ ತೋರಿಸಿದರೂ ಬಹುಪಾಲು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗಿನಿಂದ ಶುರುಮಾಡಿದರೆ ಆಂಟಿಗೆ ಎಪ್ಪತ್ತಾರಕ್ಕೆ ಪೆನ್ಷನ್.

"ನಾನು ಕಟ್ಟೋದು ಈಗಿನ ಮುದುಕರಿಗೆ ಹೋಗತ್ತಂತೆ. ನಾಳೆ ನನಗೆ ಯಾರೋ ಗುರುತಿಲ್ಲದ ಹುಡುಗರು ಕಟ್ತಾರಂತೆ. ಇದೆಂಥ ಲೆಕ್ಕ, ನಿಮಗೇನಾದ್ರೂ ಅರ್ಥ ಆಗತ್ತಾ?" ನನಗೂ ತಲೆಬುಡ ತಿಳಿಯುವುದಿಲ್ಲ. ಟ್ಯಾಕ್ಸ್ ಉಳಿಸಲು ಊರೆಲ್ಲ ಒದ್ದಾಡುವಾಗ ಕಟ್ಟುತ್ತೇನೆಂದು ಹಟ ಹಿಡಿದವರನ್ನು ನಾನು ಕಂಡದ್ದು ಇದೇ ಮೊದಲು. ಆದರೆ ಒಂದು ತಿಳಿಯುತ್ತದೆ: ಇಂಥ ಕವರುಗಳು ಎಷ್ಟು ಮನೆಗಳಲ್ಲಿ ಕೈ ಬದಲಾಗುತ್ತವೋ, ಅಷ್ಟೂ ದುಡಿಮೆ ದೇಶದ ಲೆಕ್ಕಕ್ಕೂ ಇಲ್ಲ, ದುಡಿದವರ ಮುಪ್ಪಿಗೂ ಇಲ್ಲ.

ಅಷ್ಟು ವರ್ಷ ಕಾಯುವಿರಾ ಎಂದರೆ ಆಂಟಿ ತವಾದಿಂದ ಕಣ್ಣೆತ್ತುವುದಿಲ್ಲ. "ಮಗಳು ಚೆನ್ನಾಗೇ ನೋಡ್ಕೋತಾಳೆ. ಆದ್ರೂ ಇವರ ಮಂಡಿನೋವಿನ ಮಾತ್ರೆಗೂ ಅವಳ ಮುಖ ನೋಡಬೇಕು. ನಂದು ಅಂತ ಒಂದು ಬೇಡ್ವಾ?"

ನಾಗರಾಜರು ಡ್ರೈವ್ ಮಾಡಿಕೊಂಡು ಗೃಹಪ್ರವೇಶದ ಮನೆಗೆ ಕರೆದೊಯ್ಯುತ್ತಾರೆ. ಊಟ ಮುಗಿದ ಮೇಲೆ ಮನೆಯೊಡತಿ ದೀಪು ತಾಂಬೂಲ ತರುತ್ತಾಳೆ. ಎಲೆಯ ಕೆಳಗೆ ಕವರ್ ಇದ್ದೇ ಇದೆ. ಆಂಟಿ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು ಕವರನ್ನು ಮಾತ್ರ ಹಿಂದಕ್ಕೆ ಕೊಡುತ್ತಾರೆ.

"ಅಯ್ಯೋ ಆಂಟಿ, ಇದು ದುಡ್ಡಲ್ಲ, ನಮ್ಮ ಪ್ರೀತಿ" ಎಂದು ದೀಪು ಗಾಬರಿಯಾಗುತ್ತಾಳೆ.

"ಪ್ರೀತಿ ತಗೊಂಡೆ ಕಣಮ್ಮ. ದುಡ್ಡಿಗೆ ಚೆಕ್ ಬರಿ. ಅದರ ಮೇಲೆ ಗಿಫ್ಟ್ ಅಂತ ಬರೀಬೇಡ, ಹೋಳಿಗೆ ಕೆಲಸ ಅಂತ ಬರಿ."