ತೊಳೆದ ಪಾಟಿ

ಮೊಮ್ಮಗಳು ಈ ಜೂನ್‌ನಲ್ಲಿ ತನ್ನ ಮಗಳನ್ನು ಒಂದನೇ ತರಗತಿಗೆ ಸೇರಿಸಿದಳು. ಅದಕ್ಕೆ ಮೊದಲು ಹತ್ತು ಮಂದಿಯನ್ನು ಕೇಳಿದಳು, ಕೊನೆಗೆ ನನ್ನನ್ನೂ ಕೇಳಿದಳು: ಈ ಒಂದು ವರ್ಷ ಹೇಗಿರುತ್ತದೆ, ಹೆತ್ತವರು ಯಾವುದಕ್ಕೆ ತಯಾರಿರಬೇಕು ಎಂದು. ಹೇಳಿದೆ. ಮಗುವಿಗೆ ಹಸಿವು ಹೆಚ್ಚುತ್ತದೆ. ತಲೆಯಲ್ಲಿ ಹೇನು ಬರುತ್ತವೆ. ಮನೆಯಲ್ಲಿಲ್ಲದ ಬೈಗುಳ ಕಲಿತು ಬರುತ್ತದೆ. ನೀನು ಹೇಳಿದ್ದು ಸುಳ್ಳು, ಮಾಸ್ತರು ಹೇಳಿದ್ದು ಖರೆ ಎನ್ನುತ್ತದೆ. ಸಂಜೆ ಉಣ್ಣುತ್ತ ಉಣ್ಣುತ್ತಲೇ ತಾಟಿನ ಮುಂದೆ ತೂಕಡಿಸುತ್ತದೆ. ಇಷ್ಟಕ್ಕೆ ತಯಾರಿದ್ದರೆ ಸಾಕು ಎಂದೆ. ಇನ್ನೊಂದು ಹೇಳಲಿಲ್ಲ. ಹೇಳಿದರೆ ನಗುತ್ತಿದ್ದಳು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಾವು ತಿಕೋಟಾದಲ್ಲಿದ್ದೆವು. ಗಂಡ ವಿಜಯಪುರದಲ್ಲಿ, ಆಗ ನಾವೆಲ್ಲ ವಿಜಾಪುರ ಎನ್ನುತ್ತಿದ್ದೆವು, ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹೊನವಾಡದ ಕಡೆಯಿಂದ ಬರುವ ಮೊದಲ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮನೆಯಲ್ಲಿ ನಾನು, ಮೊಣಕಾಲು ಹಿಡಿದುಕೊಂಡ ಅತ್ತೆ, ಆರು ವರ್ಷದ ಮಗಳು, ಇನ್ನೂ ತೆವಳುವ ಒಂದು ಕೂಸು.

ಮಗಳು ಒಂದನೇ ಇಯತ್ತೆಗೆ ಹೋಗುವಾಗ ಗಂಡ ಪೇಟೆಯಿಂದ ಕಲ್ಲಿನ ಪಾಟಿ ತಂದರು. ಪಾಟಿ ನನಗೆ ಹೊಸದಲ್ಲ. ಬಬಲೇಶ್ವರದ ತವರಿನಲ್ಲಿ ನಾನೂ ಎರಡು ವರ್ಷ ಶಾಲೆಗೆ ಹೋದವಳು. ಆಗ ಬರೆಯುವುದೂ ಶಾಲೆಯಲ್ಲಿ, ಅಳಿಸುವುದೂ ಶಾಲೆಯಲ್ಲಿ. ಮುಂಜಾನೆ ಪಾಟಿ ಕಪ್ಪಗೆ ಹೊಳೆಯುತ್ತಿರಬೇಕು, ಇಲ್ಲದಿದ್ದರೆ ತಾಯಿ ಮೈಗಳ್ಳಿ ಎಂದು ಮಂದಿ ಆಡಿಕೊಳ್ಳುತ್ತಿದ್ದರು. ನನ್ನ ಮಗಳ ಪಾಟಿಯ ಬಗ್ಗೆ ಯಾರೂ ಹಾಗೆ ಅನ್ನಬಾರದಿತ್ತು. ದಿನಾ ಮುಂಜಾನೆ ಅವಳು ಏಳುವ ಮೊದಲು, ಹಿತ್ತಲಲ್ಲಿ ಬೋಗುಣಿ ತಿಕ್ಕಿದ ಮೇಲೆ, ಪಾಟಿಯನ್ನೂ ಇದ್ದಲಿ ಹಾಕಿ ಅವರೆ ಎಲೆಯಿಂದ ತಿಕ್ಕಿ, ತೊಳೆದು, ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ಸಂಜೆ ಅವಳು ಕಟ್ಟೆಯ ಮೇಲೆ ಕುಳಿತು ಅದರ ತುಂಬ ಏನೋ ಬರೆಯುತ್ತಿದ್ದಳು. ಕೈ ರೂಢಿ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಮನೆಯಲ್ಲಿ ಬರೆದದ್ದನ್ನು ಮಾಸ್ತರಿಗೆ ತೋರಿಸಬೇಕು ಎಂಬ ಹೊಸ ಪದ್ಧತಿ ನನಗೆ ತಿಳಿದಿರಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಅವಳು ಪಾಟಿಯ ಪೆನ್ಸಿಲ್ ಮುರಿಯತೊಡಗಿದಳು. ದಿನಕ್ಕೊಂದು.

“ಪೆನ್ಸಿಲ್ಲ ತಿನ್ನಾಕತ್ತಿಯೇನ? ನಿಮ್ಮಪ್ಪ ಏನ ಪೆನ್ಸಿಲ್ಲಿನ ಅಂಗಡಿ ಇಟ್ಟಾನ?” ಎಂದೆ.

“ಒತ್ತಿ ಬರೀತೇನಿ. ಅದಕ್ಕ ಮುರೀತಾವ.”

“ಯಾಕ ಒತ್ತತಿ?”

“ಹೋಗಬಾರ್ದಂತ.”

ಏನು ಹೋಗಬಾರದು ಎಂದು ನಾನು ಕೇಳಲಿಲ್ಲ. ಕೂಸು ಅಳುತ್ತಿತ್ತು. ಪಾಟಿಯ ಮೇಲೆ ಗೀರು ಬಿದ್ದಿದ್ದವು. ಅವನ್ನು ತೆಗೆಯಲೆಂದು ಮರುದಿನ ಇನ್ನಷ್ಟು ಇದ್ದಲಿ ಹಾಕಿ ತಿಕ್ಕಿದೆ.

ಆಮೇಲೆ ಹೊಟ್ಟೆನೋವು ಸುರುವಾಯಿತು. ಚೀಲ ಹೆಗಲಿಗೆ ಹಾಕಿದೊಡನೆ ನೋವು, ಶಾಲೆಯ ಹೊತ್ತು ಮೀರಿದರೆ ಇಲ್ಲ. ಅತ್ತೆ ಅಜವಾನದ ನೀರು ಕುಡಿಸಿದರು. ನಾನು ಬೆನ್ನಿಗೆ ಎರಡು ಹಾಕಿ ಕಳಿಸಿದೆ. ಒಂದು ವಾರ ಹೀಗೇ ನಡೆದ ಮೇಲೆ ಗಂಡ ಉಣ್ಣುತ್ತ ಹೇಳಿದರು.

“ಬ್ಯಾಡಂದ್ರ ಬಿಡಸೂನು. ಇನ್ನೂ ಸಣ್ಣಾಕಿ ಅದಾಳ. ಮುಂದಿನ ವರ್ಷ ಹಾಕಿದ್ರಾತು. ಸ್ವಾಮಾರ ನನ್ನ ಸೂಟಿ ಐತಿ, ಮಾಸ್ತರಗ ಹೇಳಿ ಹೆಸರ ತಗಸತೇನಿ.”

“ಅಷ್ಟ ಮಾಡಪಾ,” ಎಂದರು ಅತ್ತೆ. “ಕೂಸಿನ ಮುಂದ ಕುಂಡ್ರತಾಳ. ನನಗರೆ ಏಳಾಕ ಬರೂದಿಲ್ಲ, ಈಕಿಗೆ ಕೆಲಸ ತೀರೂದಿಲ್ಲ.”

ಇಬ್ಬರೂ ಕೆಟ್ಟವರಲ್ಲ. ಆದರೆ ಮುಂದಿನ ವರ್ಷ ಎಂದರೆ ಏನೆಂದು ನನಗೆ ಗೊತ್ತಿತ್ತು. ನನ್ನ ತಮ್ಮ ಹುಟ್ಟಿದಾಗ ನಮ್ಮಪ್ಪನೂ ನನಗೆ ಅದನ್ನೇ ಹೇಳಿದ್ದ. ತಮ್ಮನಾದ ಮೇಲೆ ತಂಗಿ ಬಂದಳು, ತಂಗಿಯಾದ ಮೇಲೆ ನನಗೆ ಗಂಡು ನೋಡಿದರು. ಇದನ್ನು ಅವರೆದುರು ಹೇಳಲು ಬಾಯಿ ಬರಲಿಲ್ಲ. “ಸ್ವಾಮಾರ ತನಕ ಹೋಗಲಿ ಬಿಡ್ರಿ,” ಎಂದೆ ಅಷ್ಟೆ. ಸೋಮವಾರಕ್ಕೆ ಇನ್ನೂ ಕೆಲವು ದಿನ ಇದ್ದವು.

ಶುಕ್ರವಾರ ಮುಂಜಾನೆ ಕೂಸಿನ ಅಳುವಿಗೆ ಅವಳಿಗೂ ಎಚ್ಚರವಾಯಿತು. ನಾನು ಹಿತ್ತಲಲ್ಲಿದ್ದೆ. ಅರ್ಧ ಪಾಟಿ ತಿಕ್ಕಿದ್ದೆ, ಅರ್ಧ ಉಳಿದಿತ್ತು. ಬಂದು ಬಾಗಿಲಲ್ಲಿ ನಿಂತಳು.

“ಯವ್ವಾ, ಏನ ಮಾಡಾಕತ್ತಿ?”

“ಕಾಣೂದಿಲ್ಲೇನ? ಪಾಟಿ ತೊಳ್ಯಾಕತ್ತೇನಿ.”

“ದಿನಾ ತೊಳೀತಿ?”

“ಮತ್ತ? ಹೊಲಸ ಪಾಟಿ ಹೊತಗೊಂಡ ಹೋಗಾಕೇನ?”

ಅವಳು ಬಂದು ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಳು. ಉಳಿದರ್ಧ ಪಾಟಿಯನ್ನೇ ನೋಡಿದಳು.

“ತಾವ ಹೋಗತಾವ ಅಂತ ತಿಳಕೊಂಡಿದ್ದೆ,” ಎಂದಳು. “ಎಲ್ಲಾರ ಅಕ್ಷರ ಮುಂಜಾನಿ ತನಕ ಇರತಾವು. ನನ್ನವಷ್ಟ ಹೋಗತಾವು ಅಂದ್ಕೊಂಡಿದ್ದೆ.”

ಬಿಡಿಸಿ ಬಿಡಿಸಿ ಕೇಳಿದೆ. ಮನೆಯಲ್ಲಿ ಬರೆದುಕೊಂಡು ಬರಬೇಕು. ತರದವರು ಬಾಗಿಲಲ್ಲಿ ನಿಲ್ಲಬೇಕು. ಅವಳು ದಿನಾ ನಿಲ್ಲುತ್ತಿದ್ದಳು. ಬರೆದಿದ್ದೆ ಎಂದರೆ ಬಾಕಿ ಹುಡುಗರು ನಗುತ್ತಿದ್ದರು, ಅದಕ್ಕೆ ಹೇಳುವುದನ್ನೂ ಬಿಟ್ಟಿದ್ದಳು. ಇಷ್ಟೆಲ್ಲ ಹೇಳುವಾಗ ಅವಳು ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಸುಮ್ಮನೆ ಕುಳಿತ ಮಗುವಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಇದ್ದಲಿ ಮೆತ್ತಿದ ಕೈಯಿಂದಲೇ ಅವಳ ತಲೆ ಮುಟ್ಟಿದೆ. ಆಮೇಲೆ ಆ ತಲೆಯನ್ನೂ ತೊಳೆಯಬೇಕಾಯಿತು.

ಶಾಲೆಯ ಹೊತ್ತಿಗೆ ಕೂಸನ್ನು ಅತ್ತೆಯ ಮುಂದೆ ಬಿಟ್ಟು ನಾನೇ ಅವಳೊಡನೆ ಹೋದೆ. ಮಾಸ್ತರು ವಯಸ್ಸಾದವರು. ಹುಡುಗರೆಲ್ಲ ಕುಳಿತಿದ್ದರು. ಹೊರಗೆ ಕರೆದು ಹೇಳಬಹುದಿತ್ತು. ಆದರೆ ಅವಳು ನಿಂತದ್ದು ಎಲ್ಲರೆದುರು, ಆದ್ದರಿಂದ ನಾನೂ ಎಲ್ಲರೆದುರೇ ಹೇಳಿದೆ.

“ಮಾಸ್ತರ, ಈಕಿ ದಿನಾ ಬರದಾಳ್ರಿ. ಅಳಿಸಿದಾಕಿ ನಾನ್ರಿ.”

“ಯಾಕ ಅಳಿಸಿದ್ಯವ್ವಾ?”

“ಪಾಟಿ ಚೊಕ್ಕ ಇರಲಂತ್ರಿ.”

ಮಾಸ್ತರು ಕನ್ನಡಕ ತೆಗೆದರು. “ಇಷ್ಟ ಚೊಕ್ಕ ಪಾಟಿ ಈ ಸಾಲ್ಯಾಗ ಯಾರದೂ ಇಲ್ಲ. ಮನ್ಯಾಗ ಈಕಿ ಮುಟ್ಟೂದ ಇಲ್ಲ ಅಂತ ನಾ ತಿಳಿದೆ. ಹಂಗಾರ ಇಷ್ಟ ದಿವಸ ಬಾಗಲದಾಗ ನಿಂದ್ರಬೇಕಾದಾಕಿ ನೀನು.”

ಹುಡುಗರು ಗೊಳ್ಳೆಂದು ನಕ್ಕರು.

“ನಿಂದರತೇನ್ರಿ,” ಎಂದೆ. ನಿಂತೆ.

ಮಾಸ್ತರು ಚೇಷ್ಟೆಗೆ ಹೇಳಿದ್ದಿರಬೇಕು, ಆದರೆ ಹೋಗು ಎನ್ನಲಿಲ್ಲ. ಮಗಳನ್ನು ಮುಂದೆ ಕೂಡಿಸಿ ಬರೆ ಎಂದರು. ಒಲೆಯ ಮೇಲೆ ಬೇಳೆ ಬಿಟ್ಟು ಬಂದಿದ್ದೆ, ಅದು ಹೊತ್ತುವ ಹೊತ್ತಾಗಿತ್ತು. ಅವಳು ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಬರೆದಳು. ಒಂದು ಬದಿ ತುಂಬಿಸಿ ಪಾಟಿ ಮಗುಚಿದಳು, ಇನ್ನೊಂದು ಬದಿಯನ್ನೂ ತುಂಬಿಸಿದಳು. ಯಾರನ್ನೂ ನೋಡಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ಎರಡು ತಿಂಗಳಿಗೂ ಹೆಚ್ಚು ದಿನಾ ಬರೆದವಳು, ಬಾರದೆ ಏನಾಗುತ್ತದೆ. ಮಾಸ್ತರು ಪಾಟಿ ಎತ್ತಿ ಹಿಡಿದು ಎರಡೂ ಬದಿ ಓದಿದರು.

“ಹೋಗವ್ವಾ ಇನ್ನ,” ಎಂದರು ನನಗೆ. “ಇನ್ನಮ್ಯಾಲೆ ಬೋಗೋಣಿ ಅಷ್ಟ ತಿಕ್ಕು.”

ಸಂಜೆ ಗಂಡ ಬಂದವರು ಚಪ್ಪಲಿ ಬಿಡುತ್ತ, “ಹೊಟ್ಟಿನೋವು ಹ್ಯಾಂಗೈತಿ? ಸ್ವಾಮಾರ ಹೆಸರ ತಗಸೂದೇನ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಕಟ್ಟೆಯಿಂದ ಹೇಳಿದಳು. “ಸ್ವಾಮಾರ ನನಗ ಸಾಲಿ ಐತಿ.”

“ಕೂಸಿನ ಮುಂದ ಯಾರ ಕುಂಡ್ರೂದು?” ಎಂದರು ಅತ್ತೆ.

“ನೀ ಕುಂದರು ಆಯಿ. ನಿನಗೇನ ಬರಿಯೂದೈತಿ?”

ಅತ್ತೆಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಗಂಡ ನನ್ನ ಮುಖ ನೋಡಿದರು, ನಾನು ಎಲ್ಲ ಹೇಳಿದೆ. ಹೆಸರು ತೆಗೆಸುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅವಳು ಬರೆದು ಮುಗಿಸಿದ್ದಳು. “ತಾ, ನೋಡತೇನಿ,” ಎಂದು ಕೈ ಚಾಚಿದೆ. ಅವಳು ಪಾಟಿಯನ್ನು ಎದೆಗೆ ಅವುಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಗೋಡೆಗೆ ಬೆನ್ನು ತಾಕಿದ ಮೇಲೆ ಪಾಟಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

“ಅಲ್ಲಿಂದನ ನೋಡು.”

ನಾನು ಅಲ್ಲಿಂದಲೇ ನೋಡಿದೆ.