ಇಲೈಸಾನೆ ಅತ್ತೆ ಕೇಳಿದ್ದು

ಟೋಂಗಾದ ಹಾಪೈ ದ್ವೀಪವೊಂದರಲ್ಲಿ ಇಲೈಸಾನೆಯ ಅಂಗಡಿ ಎಂದರೆ ಅರ್ಧ ವ್ಯಾಪಾರ, ಅರ್ಧ ಧರ್ಮಛತ್ರ. ಊರಲ್ಲಿ ಯಾರು ಸತ್ತರೂ ಡಬ್ಬಿ ಮಾಂಸದ ಪೆಟ್ಟಿಗೆಗಳು, ಹಿಟ್ಟಿನ ಮೂಟೆಗಳು ಅಲ್ಲಿಂದಲೇ ಸಾವಿನ ಮನೆಗೆ ಹೋಗುತ್ತಿದ್ದವು. ಗಂಡ ತೀರಿಹೋದ ಮೇಲಂತೂ ಅವಳ ಕೈಗೆ ತಡೆಯೇ ಇರಲಿಲ್ಲ. ಕೊಟ್ಟಿದ್ದನ್ನೆಲ್ಲ ಅಂಗಡಿಯ ಖರ್ಚೆಂದೇ ಸರ್ಕಾರಕ್ಕೆ ತೋರಿಸುತ್ತಿದ್ದಳು. ಮತ್ತಿನ್ನೇನು, ಅವಳೇನು ತಿಂದಳೇ?

ಸರ್ಕಾರಕ್ಕೆ ಈ ಮಾತು ಅರ್ಥವಾಗುವುದುಂಟೇ! ವ್ಯಾಪಾರದ ಖರ್ಚು ಬೇರೆ, ದಾನ ಬೇರೆ. ದಾನ ಮಾಡಿದ ಮಾಲಿಗೂ ತೆರಿಗೆ ಕಟ್ಟಬೇಕು. ಲೆಕ್ಕ ನೋಡಲು ಬಂದವನು ತೆರಿಗೆ ಕಚೇರಿಗೆ ಹೊಸದಾಗಿ ಸೇರಿದ್ದ ಕೆಪುವೇಲಿ, ಅವಳ ತಮ್ಮನ ಮಗ. ಆ ದ್ವೀಪಕ್ಕೆ ಇದ್ದದ್ದೇ ಅವನೊಬ್ಬ ಅಧಿಕಾರಿ. ತಾಯಿಯಿಲ್ಲದ ಅವನನ್ನು ಸಾಕಿದವಳೂ ಅವಳೇ.

ಅಲ್ಲಿ ಸೋದರತ್ತೆ ಬಾಯಿಬಿಟ್ಟು ಕೇಳಿದರೆ ಮುಗಿಯಿತು. ಹಂದಿಯಾಗಲಿ, ಚಾಪೆಯಾಗಲಿ, ಅಳಿಯ ಇಲ್ಲವೆನ್ನುವಂತಿಲ್ಲ. ಅದಕ್ಕೇ ಪಕ್ಕದ ಮನೆಯ ಲೋಸಾ ಕಿಸಕ್ಕನೆ ನಕ್ಕಳು. "ನಿಂಗೇನೇ ಭಯ? ಒಂದು ಮಾತು ಹೇಳು, ಸರ್ಕಾರನೇ ಬಾಲ ಮುದುರ್ಕೊಂಡು ಹೋಗುತ್ತೆ!"

ಕೆಪುವೇಲಿ ಕುರ್ಚಿ ಮುಟ್ಟಲಿಲ್ಲ. ಅತ್ತೆಯ ಮುಂದೆ ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತ.

"ಅತ್ತೆ, ಇದನ್ನ ಇದ್ದ ಹಾಗೇ ಬರೆದ್ರೆ ತೆರಿಗೆ, ದಂಡ ಎರಡೂ ಬೀಳ್ತವೆ. ಅಂಗಡಿ ಉಳಿಯೋದು ಕಷ್ಟ."

"ಬರೀದೇ ಇದ್ರೆ?"

ಬರೆಯದೆ ಸಿಕ್ಕಿಬಿದ್ದರೆ ಅವನ ಕೆಲಸ ಹೋಗುತ್ತದೆ. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಅದೊಂದನ್ನೂ ಅವನು ಆಡಲಿಲ್ಲ.

"ನೀವು ಹೇಳಿದ ಹಾಗೇ ಆಗ್ಲಿ, ಅತ್ತೆ."

ಕೆಲಸ ಹೋದರೂ ಈ ಹುಡುಗ ನಿಜಕ್ಕೂ ಇಲ್ಲ ಅನ್ನುವುದಿಲ್ಲವಲ್ಲ ಎಂದೇ ಇಲೈಸಾನೆಗೆ ಹೆದರಿಕೆಯಾಯಿತು. ಹಾಗೆಂದು ಗಂಡ ಕಟ್ಟಿದ ಅಂಗಡಿಯನ್ನು ಬಿಟ್ಟುಕೊಡಲು ಮನಸ್ಸಿತ್ತೇ? ಇರಲಿಲ್ಲ, ಸುಳ್ಳೇಕೆ ಹೇಳಲಿ. ಕಪಾಟುಗಳತ್ತ ಒಮ್ಮೆ ನೋಡಿ ಅವನ ಕಡೆ ತಿರುಗಿದಳು.

"ಅತ್ತೆ ಕೇಳಿದ್ದು ಕೊಡ್ತೀಯಲ್ಲ?"

"ಕೊಡ್ತೀನಿ."

"ಹಾಗಾದ್ರೆ ಕಂಡದ್ದನ್ನ ಕಂಡ ಹಾಗೆ ಬರಿ. ತಲೆ ಎತ್ತಿ ಬರಿಯೋ, ಕತ್ತೆ!"

ಕೆಪುವೇಲಿ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. "ಅಂಗಡಿ ಹೋಗುತ್ತೆ, ಅತ್ತೆ..."

"ಹೋದ್ರೆ ಹೋಗ್ಲಿ." ಇಲೈಸಾನೆ ಅವನ ಬೆನ್ನಿಗೊಂದು ಗುದ್ದಿದಳು. ಅವಳ ಕಣ್ಣಲ್ಲೂ ನೀರು ತುಂಬಿತ್ತು. "ನಾಳೆಯಿಂದ ನಿನ್ನ ಮನೇಲೇ ನನ್ನ ಊಟ. ಇಲ್ಲ ಅನ್ನು, ನೋಡೋಣ!"