ದ್ರಾಕ್ಷಿ ರಸದ ಮೇಲಿನ ಪೊರೆ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಜೀವಕೋಶದ ಗೋಡೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ನನ್ನಷ್ಟು ಚೆನ್ನಾಗಿ ಬರೆಯುವವರಿಲ್ಲ ಎಂಬ ಹೆಮ್ಮೆಯಿತ್ತು. ಒಂದು ವರ್ಷ ಅದೇ ವಿಷಯಕ್ಕೆ ಗೌರಿಬಿದನೂರಿನಿಂದ ಹೊಸ ಉಪನ್ಯಾಸಕಿ ಬಂದರು. ನನಗಿಂತ ಹತ್ತು ವರ್ಷ ಚಿಕ್ಕವರು.

ಒಂದು ದಿನ ಅವರು ಮಕ್ಕಳಿಗೆ ತೋರಿಸಲು ಲ್ಯಾಬಿಗೆ ಗಾಜಿನ ಜಾಡಿ ತಂದರು. ಬಾಯಿಗೆ ತೆಳು ಬಟ್ಟೆ ಕಟ್ಟಿತ್ತು. ಒಳಗೆ ನಂದಿ ಬೆಟ್ಟದ ಕಡೆಯ ದ್ರಾಕ್ಷಿಯ ರಸ ಹುಳಿತು, ಮೇಲೆ ಬಿಳಿ ಪೊರೆ ಕಟ್ಟಿತ್ತು.

"ಇದು ಬೂಷ್ಟಲ್ಲ, ಸೆಲ್ಯುಲೋಸ್. ಬ್ಯಾಕ್ಟೀರಿಯಾ ಗ್ಲೂಕೋಸನ್ನ ಒಂದಕ್ಕೊಂದು ಪೋಣಿಸಿ ಎಳೆ ಬಿಡ್ತಾವೆ. ನಿಮ್ಮನೆ ರೇಷ್ಮೆ ಹುಳ ನೂಲು ಬಿಡಲ್ವಾ, ಹಂಗೆ. ಗಿಡ ಇದೇ ಎಳೇಲಿ ತನ್ನ ಸುತ್ತ ಗೋಡೆ ಕಟ್ಕೊಳ್ಳತ್ತೆ, ಇವು ಚಾಪೆ ಹೆಣ್ಕೊಂಡು ತೇಲ್ತಾವೆ."

"ಹಂಗಾದ್ರೆ ರೇಷ್ಮೇನೂ ಇದೇನಾ ಮೇಡಂ?" ಎಂದಳು ಹುಳು ಸಾಕುವ ಮನೆಯ ಹುಡುಗಿ.

"ಇಲ್ಲ ಕಣಮ್ಮಾ, ರೇಷ್ಮೆ ಪ್ರೋಟೀನು. ಇದು ಸಕ್ಕರೆ ಎಳೆ."

ನನ್ನ ತರಗತಿಯಲ್ಲಿ ಆಕಳಿಸುತ್ತಿದ್ದ ಮಕ್ಕಳು ಜಾಡಿಗೆ ಮೂಗು ತಾಗಿಸಿ ನಿಂತಿದ್ದರು. ರೇಷ್ಮೆಗೂಡಿನಿಂದ ನೂಲು ಬಿಚ್ಚುವವರ ಬೀದಿಯಲ್ಲೇ ಹುಟ್ಟಿ ಬೆಳೆದವಳು ನಾನು. ಈ ಹೋಲಿಕೆ ನನಗೇಕೆ ಹೊಳೆಯಲಿಲ್ಲ? ಹೊಟ್ಟೆ ಉರಿಯಿತು.

ಆ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕೆಂದು ನನಗೆ ಗೊತ್ತಿತ್ತು. ಊಟದ ಬಿಡುವಿನಲ್ಲಿ, ಯಾರೂ ಇಲ್ಲದಾಗ, ಬಟ್ಟೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಮತ್ತೆ ಕಟ್ಟಿದೆ.

ಎರಡು ವಾರವಾದರೂ ಪೊರೆ ದಪ್ಪವಾಗಲಿಲ್ಲ. ಕೊನೆಗೆ ಅವರು ಬಟ್ಟೆ ಬಿಚ್ಚಿ ನೋಡಿ, ಆ ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದರು. "ಯಾರ್ ಹಾಕಿದ್ರೋ ಮೇಡಂ ಇದನ್ನ."

"ಅಟೆಂಡರ್ ಇರ್ಬೇಕು," ಎಂದುಬಿಟ್ಟೆ.

ಅವರು ಕೇಳಲು ಹೊರಟರು. ಅಟೆಂಡರ್ ನಿವೃತ್ತಿಯ ಅಂಚಿನಲ್ಲಿದ್ದ ಸಾಧು ಮನುಷ್ಯ. ಬೆಳಿಗ್ಗೆಯಷ್ಟೇ ನನಗೆ ಟೀ ತಂದುಕೊಟ್ಟಿದ್ದರು. ಬಾಗಿಲಲ್ಲಿ ಆಕೆಯ ಕೈ ಹಿಡಿದೆ. "ಅವರಲ್ಲ. ನಾನೇ."

ಆಕೆ ಕೈಯಲ್ಲಿದ್ದ ಹಾಳೆಯನ್ನು ಮಡಚಿದರು. ಆಮೇಲೆ, "ಕೇಳಿದ್ರೆ ನಿಮಗೂ ಒಂದು ಜಾಡಿ ಮಾಡ್ಕೊಡ್ತಿದ್ದೆನಲ್ಲ ಮೇಡಂ," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಅವರು ಆ ಜಾಡಿಯನ್ನೇ ತರಗತಿಗೆ ಒಯ್ದರು. ನನ್ನ ಹೆಸರೆತ್ತದೆ, "ಗಾಳಿ ಸಿಗದೆ ಎಳೆ ಹೆಣಿಯೋದು ನಿಂತೋಗಿದೆ ನೋಡಿ," ಎಂದು ಪಾಠ ಶುರುಮಾಡಿದರು. ಮಕ್ಕಳು ಮುಗಿಬಿದ್ದು ನೋಡಿದರು. ಕಾರಿಡಾರಿನಲ್ಲಿ ನಿಂತು ಕೇಳುತ್ತಿದ್ದ ನನಗೆ ಮಾನ ಉಳಿಯಿತೆಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾನು ಮಾಡಿದ ಕೇಡನ್ನೂ ಆಕೆ ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದಾಳಲ್ಲ ಎಂದು ಇನ್ನಷ್ಟು ಉರಿಯಿತು.